ಮನೆಯಲ್ಲಿ ಅಡಗಿರುವ ನೀರಿನ ಸೋರಿಕೆಯನ್ನು ಬೇಗನೆ ಗುರುತಿಸುವ ವಿಧ



ಮಾಡು ಸೋರಿದರೆ ಮನೆಯವರೆಲ್ಲರಿಗೂ ತಿಳಿಯುತ್ತದೆ. ನೀರು ತಲೆಯ ಮೇಲೆ ಬೀಳುವದರಿಂದ ಮಳೆ ನಿಂತ ಕೂಡಲೇ ಯಾರಾದರೊಬ್ಬರು ಏಣಿ ಇಟ್ಟು ಹಂಚು ಸರಿಮಾಡುವರು. ಆದರೆ ಗೋಡೆಯೊಳಗಿನ ಕೊಳವೆಯಾಗಲಿ, ನೆಲದಲ್ಲಿ ಹೂಳಿದ ನಳವಾಗಲಿ, ತೊಟ್ಟಿಯ ತಳವಾಗಲಿ ಸೋರಿದರೆ ಅದು ಯಾರ ಕಣ್ಣಿಗೂ ಬೀಳದೆ ತಿಂಗಳುಗಟ್ಟಲೆ ತನ್ನ ಕೆಲಸವನ್ನು ನಡಿಸಿ, ಗೋಡೆ ಬಿರಿದ ಮೇಲೆಯೇ ತನ್ನನ್ನು ತೋರಿಸಿಕೊಳ್ಳುತ್ತದೆ.

ಹಿಂದಿನ ಕಾಲದಲ್ಲಿ ನಮ್ಮ ಹಳ್ಳಿಗಳ ನೀರು ಬಾವಿಯಿಂದಲೂ ಕೆರೆಯಿಂದಲೂ ಕೊಡದಲ್ಲಿ ಮನೆಗೆ ಬರುತ್ತಿತ್ತು. ಕೊಡ ಸೋರಿದರೆ ಹೊತ್ತವಳ ಸೆರಗೇ ನೆನೆಯುತ್ತಿದ್ದದರಿಂದ ಸೋರಿಕೆಯು ಗುಪ್ತವಾಗಿರುವದಕ್ಕೆ ಆಸ್ಪದವಿರಲಿಲ್ಲ. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಎಂಬ ಯೋಜನೆಯಿಂದ ಅನೇಕ ಹಳ್ಳಿಮನೆಗಳಿಗೆ ನಳವು ಬಂದಿದೆ. ಇದು ದೊಡ್ಡ ಉಪಕಾರವೇ ಸರಿ. ಆದರೂ ನಳದ ಸಂಗಡ ಅದನ್ನು ಕಾಯುವ ಕೆಲಸವೂ ಬಂದಿದೆ. ಆದಕಾರಣ ಈ ವಿಷಯವನ್ನು ಕ್ರಮವಾಗಿ ವಿಚಾರಿಸೋಣ.

1. ಸೋರಿಕೆಯಿಂದಾಗುವ ಕೇಡುಗಳು

ಮೊದಲನೆಯದು ನೀರಿನ ನಷ್ಟ. ಮೇಲೆ ಹೇಳಿದ ಯೋಜನೆಯು ಒಬ್ಬೊಬ್ಬರಿಗೆ ದಿನಕ್ಕೆ 55 ಲೀಟರು ನೀರು ದೊರೆಯಬೇಕೆಂದು ಗೊತ್ತುಮಾಡಿದೆ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಒಂದು ಲೀಟರಿನ ಪಾತ್ರೆಯನ್ನಿಟ್ಟು ನೋಡಿರಿ. ಅದು ಒಂದು ತಾಸಿನಲ್ಲಿ ತುಂಬಿದರೆ ದಿನಕ್ಕೆ 24 ಲೀಟರು, 30 ದಿವಸಗಳಿಗೆ 720 ಲೀಟರು ವ್ಯರ್ಥವಾದಂತಾಯಿತು. ಇದು ಒಬ್ಬ ಮನುಷ್ಯನ 13 ದಿವಸಗಳ ನೀರು. ಕಣ್ಣಿಗೆ ಕಾಣುವ ಹನಿಯೇ ಇಷ್ಟಾದರೆ ಕಾಣದೆ ಹರಿಯುವದು ಎಷ್ಟಾಗಬಹುದು!

ಎರಡನೆಯದು ಕಟ್ಟಡಕ್ಕೆ ಕೇಡು. ಹಸಿ ಇಟ್ಟಿಗೆಯ ಮತ್ತು ಮಣ್ಣಿನ ಗೋಡೆಯು ಒಣಗಿರುವ ವರೆಗೆ ಗಟ್ಟಿ. ಅದರ ಬುಡ ನೆನೆದರೆ ಮೇಲಿನ ಭಾರವನ್ನು ತಾಳಲಾರದೆ ಕುಸಿಯುತ್ತದೆ. ಇಂಥ ಗೋಡೆಯ ಪಕ್ಕದಲ್ಲಿ ಮಕ್ಕಳು ಮಲಗುತ್ತಾರೆಂಬದನ್ನು ಮರೆಯಬೇಡಿರಿ. ಸಿಮೆಂಟಿನ ತಾರಸಿಯಾದರೂ ಸುಖವಾಗಿರುವದಿಲ್ಲ. ಯಾಕಂದರೆ ಒಳಗಿನ ಕಬ್ಬಿಣದ ಸರಳು ತೇವದಿಂದ ತುಕ್ಕು ಹಿಡಿದು ಉಬ್ಬಿ, ಸುತ್ತಲಿನ ಗಾರೆಯನ್ನು ಒಡೆಯುತ್ತದೆ. ಗೆದ್ದಲು ಸಹ ತೇವವನ್ನೇ ಹುಡುಕಿಕೊಂಡು ಬಂದು ಬಾಗಿಲಿನ ಚೌಕಟ್ಟನ್ನೂ ತೊಲೆಯನ್ನೂ ತಿನ್ನುತ್ತದೆ.

ಮೂರನೆಯದು ಎಲ್ಲಕ್ಕಿಂತ ಭಾರವಾದ ಕೇಡು, ಅಂದರೆ ರೋಗ. ಹಳ್ಳಿಯ ನಳದಲ್ಲಿ ನೀರು ಹಗಲಿರುಳು ಇರುವದು ಅಪರೂಪ. ನೀರು ಬಿಟ್ಟಾಗ ಒಳಗಿನ ಒತ್ತಡದಿಂದ ಅದು ಬಿರುಕಿನ ಮೂಲಕ ಹೊರಗೆ ಸೋರುತ್ತದೆ. ನೀರು ನಿಂತಾಗಲೋ ಒತ್ತಡವು ಇಳಿದು, ಹೊರಗಿನ ಚರಂಡಿಯ ಹೊಲಸು ಅದೇ ಬಿರುಕಿನಿಂದ ಒಳಗೆ ನುಗ್ಗಬಹುದು. ಮರುದಿನ ಮೊದಲು ಬರುವ ನೀರಿನಲ್ಲಿ ಅದು ನಮ್ಮ ಕೊಡಕ್ಕೆ ಬೀಳುತ್ತದೆ. ವಾಂತಿಭೇದಿ, ವಿಷಮಶೀತಜ್ವರ, ಕಾಮಾಲೆ ಇವೆಲ್ಲವೂ ಈ ದಾರಿಯಿಂದ ಬರಬಲ್ಲವು.

2. ಒಂದು ದೃಷ್ಟಾಂತ

1854ನೇ ಇಸವಿಯ ಆಗಸ್ಟ್ ತಿಂಗಳ ಕೊನೆಯಲ್ಲಿ ಲಂಡನ್ ಪಟ್ಟಣದ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯಲ್ಲಿ ಕಾಲರಾ ಹುಟ್ಟಿ, ಆ ಸುತ್ತಿನಲ್ಲಿ 600ಕ್ಕಿಂತ ಹೆಚ್ಚು ಜನರು ಸತ್ತರು. ಜಾನ್ ಸ್ನೋ ಎಂಬ ವೈದ್ಯನು ಸತ್ತವರ ಮನೆಗಳನ್ನು ನಕಾಶೆಯಲ್ಲಿ ಗುರುತಿಸಿ, ಅವರೆಲ್ಲರು ಹೆಚ್ಚಾಗಿ ಒಂದೇ ಪಂಪಿನ ನೀರನ್ನು ಕುಡಿದವರೆಂದು ತೋರಿಸಿದನು. ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿಕೆಯನ್ನು ತೆಗೆದುಹಾಕಿದರು. ಅಲ್ಲಿಯ ಸಭೆಯ ಉಪಪಾಲಕನಾದ ಹೆನ್ರಿ ವೈಟ್‌ಹೆಡ್ ಎಂಬವನು ವೈದ್ಯನ ಮಾತನ್ನು ಮೊದಲು ನಂಬಲಿಲ್ಲ. ಆದರೆ ಮನೆಯಿಂದ ಮನೆಗೆ ಹೋಗಿ ವಿಚಾರಿಸಿದ ಮೇಲೆ ಅದು ನಿಜವೆಂದು ಕಂಡುಕೊಂಡನು. ಆ ಬಾವಿಗೆ ಸಮೀಪದ 40ನೇ ನಂಬ್ರದ ಮನೆಯಲ್ಲಿ ಒಂದು ಕೂಸು ಭೇದಿಯಿಂದ ಸತ್ತಿತ್ತು. ಅದರ ಬಟ್ಟೆ ತೊಳೆದ ನೀರನ್ನು ತಾಯಿಯು ಮನೆಯ ಮುಂದಿನ ಮಲದ ಗುಂಡಿಗೆ ಸುರಿದಿದ್ದಳು. 1855ರಲ್ಲಿ ಅಗೆದು ನೋಡಲಾಗಿ, ಗುಂಡಿಯ ಇಟ್ಟಿಗೆಗಳು ಸಡಿಲವಾಗಿ, ಮೂರು ಅಡಿಗಿಂತ ಕಡಿಮೆ ದೂರದಲ್ಲಿದ್ದ ಬಾವಿಯ ಕಡೆಗೆ ಹೊಲಸು ಸೋರುತ್ತಿದ್ದದ್ದು ಕಂಡುಬಂತು. ಮೇಲೆ ನಡೆದಾಡಿದವರು ಯಾರೂ ಅದನ್ನು ಅರಿತಿರಲಿಲ್ಲ. ಗುಪ್ತವಾದ ಸೋರಿಕೆಯು ಒಂದು ಕೇರಿಯನ್ನೇ ಹೇಗೆ ಬರಿದುಮಾಡಬಹುದೆಂಬದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೋ?

3. ಅಳೆದು ಪರೀಕ್ಷಿಸುವ ಕ್ರಮ

ಸಂದೇಹವಿದ್ದರೂ ಇಲ್ಲದಿದ್ದರೂ ತಿಂಗಳಿಗೊಮ್ಮೆ ಈ ಪರೀಕ್ಷೆಯನ್ನು ಮಾಡತಕ್ಕದ್ದು. ಇದಕ್ಕೆ ಕಾಸಿನ ವೆಚ್ಚವಿಲ್ಲ.

ಮೇಲಿನ ಟಾಂಕಿ ಇರುವ ಮನೆಯವರು ರಾತ್ರಿ ಮಲಗುವಾಗ ಎಲ್ಲಾ ನಲ್ಲಿಗಳನ್ನೂ ಟಾಂಕಿಗೆ ನೀರು ಬರುವ ದಾರಿಯನ್ನೂ ಮುಚ್ಚಿ, ಒಳಗೆ ನೀರಿನ ಮಟ್ಟವನ್ನು ಒಂದು ಅಳತೆಯ ಕೋಲಿನಿಂದ ನೋಡಿ ಬರೆದಿಡಲಿ. ಬೆಳಿಗ್ಗೆ ಯಾರೂ ನೀರು ಮುಟ್ಟುವದಕ್ಕಿಂತ ಮುಂಚೆ ಪುನಃ ಅಳೆಯಲಿ. ಒಂದು ಮೀಟರು ಅಗಲದ ದುಂಡು ಟಾಂಕಿಯಲ್ಲಿ ಒಂದು ಸೆಂಟಿಮೀಟರು ಇಳಿದರೆ ಸುಮಾರು 8 ಲೀಟರು ಹೋಯಿತೆಂದು ತಿಳಿಯಬೇಕು. ಮಟ್ಟ ಇಳಿದಿದ್ದರೆ ಮರುರಾತ್ರಿ ಟಾಂಕಿಯ ಬುಡದಲ್ಲಿರುವ ವಾಲ್ವನ್ನೂ ಮುಚ್ಚಿ ನೋಡಿರಿ. ಆಗ ಇಳಿಯದಿದ್ದರೆ ದೋಷವು ಕೊಳವೆಯಲ್ಲಿ ಅಥವಾ ನಲ್ಲಿಯಲ್ಲಿ ಉಂಟು. ಆಗಲೂ ಇಳಿದರೆ ಟಾಂಕಿಯೇ ಸೋರುತ್ತದೆ.

ತೆರೆದ ತೊಟ್ಟಿಯಲ್ಲಿ ಬಿಸಿಲಿಗೂ ನೀರು ಆರುವದುಂಟು. ಆದದರಿಂದ ಒಂದು ಬಕೆಟ್ಟಿನಲ್ಲಿ ನೀರು ತುಂಬಿಸಿ ತೊಟ್ಟಿಯ ಪಕ್ಕದಲ್ಲಿಟ್ಟು ಎರಡರಲ್ಲಿಯೂ ಗುರುತು ಮಾಡಿರಿ. ತೊಟ್ಟಿಯ ನೀರು ಬಕೆಟ್ಟಿನದಕ್ಕಿಂತ ಬಹಳ ಹೆಚ್ಚಾಗಿ ಇಳಿದರೆ ಅದು ಸೋರಿಕೆಯೇ. ನೆಲದೊಳಗಿನ ಸಂಪಿನಲ್ಲಿ ಮಳೆಗಾಲದಲ್ಲಿ ನೀರು ತಾನಾಗಿ ಏರಿದರೆ ಸಂತೋಷಪಡಬಾರದು. ಬಿರುಕಿನಿಂದ ಹೊರಗಿನ ಕೆಸರು ನೀರು ಒಳಗೆ ಬರುತ್ತಿರಬಹುದು.

ಮೀಟರು ಇರುವವರು ನೀರು ಬಿಟ್ಟಿರುವ ಹೊತ್ತಿನಲ್ಲಿ ಮನೆಯ ಎಲ್ಲಾ ನಲ್ಲಿಗಳನ್ನು ಮುಚ್ಚಿ ಅದರ ಮುಳ್ಳನ್ನು ನೋಡಲಿ. ಆಗಲೂ ಅದು ಚಲಿಸಿದರೆ ಮೀಟರಿಗೂ ನಲ್ಲಿಗಳಿಗೂ ನಡುವೆ ಎಲ್ಲಿಯೋ ನೀರು ಹೋಗುತ್ತದೆ.

4. ಗೋಡೆ ನೆಲಗಳಲ್ಲಿ ಕಾಣುವ ಗುರುತುಗಳು

ಸುಣ್ಣ ಅಥವಾ ಬಣ್ಣವು ಉಬ್ಬಿ ಉದುರುವದು, ಬಿಳೀ ಉಪ್ಪಿನಂಥ ಪುಡಿ ಕಾಣುವದು, ಪಾಚಿ ಹಿಡಿಯುವದು, ಬೂಸಲಿನ ವಾಸನೆ, ಬೇಸಿಗೆಯಲ್ಲಿಯೂ ಅಂಗಳದ ಒಂದೇ ಜಾಗದಲ್ಲಿ ಹಸುರು ಹುಲ್ಲು, ನೆಲದ ಕಲ್ಲು ಕುಸಿಯುವದು, ಮೋಟಾರನ್ನು ಮೊದಲಿಗಿಂತ ಹೆಚ್ಚು ಹೊತ್ತು ನಡಿಸಬೇಕಾಗುವದು ಇವೆಲ್ಲವು ಗುರುತುಗಳು.

ಆದರೆ ತೇವ ಕಂಡಲ್ಲೆಲ್ಲಾ ನಳವೇ ಸೋರುತ್ತದೆಂದು ಗೋಡೆಯನ್ನು ಒಡೆಯಬಾರದು. ಮಳೆ ಬಂದಾಗ ಮಾತ್ರ ಮೇಲಿನಿಂದ ತೇವ ಇಳಿದರೆ ಅದು ಮಾಡಿನ ದೋಷ. ಎಲ್ಲಾ ಗೋಡೆಗಳ ಬುಡವೂ ಮಳೆಗಾಲದಲ್ಲಿ ಒಂದೇ ಸಮನಾಗಿ ನೆನೆದರೆ ಅದು ನೆಲದಿಂದ ಏರುವ ತೇವ. ದೀಪದ ಬತ್ತಿಯು ಎಣ್ಣೆಯನ್ನು ಎಳೆಯುವಂತೆ ಇಟ್ಟಿಗೆಯು ನೀರನ್ನು ಎಳೆಯುತ್ತದೆ. ಬೇಸಿಗೆಯಲ್ಲಿಯೂ ಆರದೆ ಒಂದೇ ಸ್ಥಳದಲ್ಲಿದ್ದು ಹರಡುವ ತೇವವೋ ಹೆಚ್ಚಾಗಿ ಕೊಳವೆಯ ಸೋರಿಕೆ. ತೇವದ ಅಂಚಿನ ಸುತ್ತ ಸೀಸದ ಕಡ್ಡಿಯಿಂದ ಗೆರೆ ಎಳೆದು ತಾರೀಖು ಬರೆಯಿರಿ. ಒಂದು ವಾರವಾದ ಮೇಲೆ ಅದು ಗೆರೆಯನ್ನು ದಾಟಿದೆಯೋ ಎಂದು ನೋಡಿರಿ. ಗೆರೆಯು ಸುಳ್ಳು ಹೇಳುವದಿಲ್ಲ.

5. ಸೋರಿಕೆ ಕಂಡ ಮೇಲೆ ಮಾಡತಕ್ಕದ್ದು

ಮೊದಲು ವಾಲ್ವನ್ನು ಮುಚ್ಚಿರಿ. ತೇವವು ವಿದ್ಯುತ್ತಿನ ಸ್ವಿಚ್ಚಿನ ಹತ್ತಿರವಿದ್ದರೆ ಅದನ್ನು ಮುಟ್ಟದೆ, ಒಣಗಿದ ಕೈಯಿಂದ ಮನೆಯ ಮುಖ್ಯ ಸ್ವಿಚ್ಚನ್ನು ಆರಿಸಿರಿ. ನಲ್ಲಿಯ ಒಳಗಿನ ವಾಶರು ಸವೆದಿದ್ದರೆ ಹೊಸದನ್ನು ಹಾಕುವದು ಕೆಲವೇ ರೂಪಾಯಿಗಳ ಕೆಲಸ. ಪ್ಲಾಸ್ಟಿಕ್ ಕೊಳವೆಯ ಜೋಡಣೆಯನ್ನು ಅಂಟಿಸುವಾಗ ಎರಡೂ ತುದಿಗಳು ಒಣಗಿ ಶುದ್ಧವಾಗಿರಬೇಕು. ಒದ್ದೆಯ ಮೇಲೆ ಹಚ್ಚಿದ ಅಂಟು ನಿಲ್ಲದು. ಒಳಗಿನ ಸೋರಿಕೆಯನ್ನು ನಿಲ್ಲಿಸದೆ ಮೇಲೆ ಸಿಮೆಂಟು ಬಳಿಯುವದು ಹುಣ್ಣನ್ನು ತೊಳೆಯದೆ ಬಟ್ಟೆ ಸುತ್ತಿದ ಹಾಗೆ.

ಬೀದಿಯ ಕೊಳವೆ ಸೋರಿದರೆ ನೀರುಗಂಟಿಗೂ ಗ್ರಾಮ ಪಂಚಾಯತಿಗೂ ಆ ದಿನವೇ ತಿಳಿಸಿರಿ. ನೆರೆಯವರು ಹೇಳುವರೆಂದು ಎಲ್ಲರೂ ಸುಮ್ಮನಿದ್ದರೆ ಹೇಳುವವರು ಯಾರು? ಅದು ಸರಿಯಾಗುವ ವರೆಗೆ ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿಯೇ ಉಪಯೋಗಿಸತಕ್ಕದ್ದು. ಬಾವಿಗೂ ಕಕ್ಕಸಿನ ಗುಂಡಿಗೂ ನಡುವೆ 10 ಮೀಟರಿಗಿಂತ ಕಡಿಮೆ ದೂರವಿರಬಾರದು. ನೆಲವು ಮರಳಾಗಿದ್ದರೆ ಇನ್ನೂ ಹೆಚ್ಚು ದೂರ ಬೇಕು.

ಚಿಕ್ಕದಾಗಿರುವಾಗ ಕಂಡುಹಿಡಿದ ಸೋರಿಕೆಯನ್ನು ಒಂದು ವಾಶರು ನಿಲ್ಲಿಸುತ್ತದೆ. ತಡಮಾಡಿದರೆ ಗೋಡೆಯನ್ನೇ ಪುನಃ ಕಟ್ಟಬೇಕಾಗುವದು. ಆದಕಾರಣ ಈ ರಾತ್ರಿಯೇ ಒಂದು ಕೋಲನ್ನು ತೆಗೆದುಕೊಂಡು ನಿಮ್ಮ ತೊಟ್ಟಿಯನ್ನು ಅಳೆಯಿರಿ.

ಮನೆಯವರು ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

1. ನಳದಲ್ಲಿ ನೀರು ನಿಂತಾಗ ಹೊಲಸು ಒಳಗೆ ಬರುವದು ಹೇಗೆ?
2. ಟಾಂಕಿ ಸೋರುತ್ತದೋ ಕೊಳವೆ ಸೋರುತ್ತದೋ ಎಂದು ತಿಳಿಯುವದು ಹೇಗೆ?
3. ನೆಲದಿಂದ ಏರುವ ತೇವಕ್ಕೂ ಕೊಳವೆಯ ಸೋರಿಕೆಗೂ ಇರುವ ಭೇದವೇನು?
4. ನಮ್ಮ ಬೀದಿಯಲ್ಲಿ ಈಗ ಸೋರುತ್ತಿರುವ ನಳ ಯಾವದು? ಅದನ್ನು ಪಂಚಾಯತಿಗೆ ತಿಳಿಸಿದವರು ಯಾರು?