ಬೇಸಿಗೆಯಲ್ಲಿ ಬೀಜದ ಕೋಣೆ ತಂಪಾಗಿಡುವುದು ಹೇಗೆ?

ಹೊಲದಾಗ ತಗಡಿನ ಶೆಡ್ ಹಾಕಿದ ಮೊದಲ ವರ್ಷ ಮನೆಯ ತೊಗರಿ ಬೀಜವನ್ನು ಅಲ್ಲೇ ಇಟ್ಟಿದ್ದೆ. ಜೂನ್‌ನಲ್ಲಿ ಒದ್ದೆ ಗೋಣಿತಾಟಿನಲ್ಲಿ 100 ಕಾಳು ಸುತ್ತಿಟ್ಟು ನೋಡಿದರೆ ಮೊಳೆತದ್ದು 58. ಬಿತ್ತನೆ ಬೀಜಕ್ಕೆ ಕನಿಷ್ಠ 75 ಬೇಕು. ಅದೇ ರಾಶಿಯ ಒಂದು ಡಬ್ಬಿ ಅಜ್ಜಿಯ ಮಾಳಿಗೆ ಮನೆಯಲ್ಲಿ ಉಳಿದಿತ್ತು. ಅದರಲ್ಲಿ 86 ಮೊಳೆತವು. ಬೀಜ ಒಂದೇ, ಕೋಣೆ ಬೇರೆ.

ಹೀಗ್ಯಾಕೆ?

ಬೀಜಕ್ಕೂ ಜೀವ ಇದೆ. ಬೀಜ ವಿಜ್ಞಾನದಲ್ಲಿ ಹ್ಯಾರಿಂಗ್ಟನ್ ಸೂತ್ರ ಅಂತ ಒಂದಿದೆ. ಕೋಣೆಯ ಉಷ್ಣತೆ 5 ಡಿಗ್ರಿ ಇಳಿದರೆ ಬೀಜದ ಆಯುಷ್ಯ ಸುಮಾರು ಎರಡು ಪಟ್ಟಾಗುತ್ತದೆ. ಬೀಜದ ತೇವಾಂಶ ಶೇ. 1 ಇಳಿದರೂ ಅಷ್ಟೇ ಲಾಭ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲಿ. ತಗಡು ತೆಳುವು, ಬಿಸಿಲು ಬಿದ್ದ ಕೂಡಲೇ ಕಾದು ಒಳಗೆ ಉರಿ ಸುರಿಯುತ್ತದೆ. ಮಾಳಿಗೆ ಮನೆಯ ದಪ್ಪ ಗೋಡೆ, ಜಂತಿ ಮೇಲಿನ ಮಣ್ಣು ಹಾಗಲ್ಲ. ಮಧ್ಯಾಹ್ನದ ಕಾವು ಅವನ್ನು ದಾಟಿ ಒಳಗೆ ಬರೋದಕ್ಕೆ ಎಷ್ಟೋ ತಾಸು ಬೇಕು. ಅಷ್ಟರಲ್ಲಿ ಹೊತ್ತು ಮುಳುಗಿರುತ್ತದೆ, ಬಿಸಿಗಾಳಿ ಗವಾಕ್ಷಿಯಿಂದ ಹೊರಗೆ ಹೋಗುತ್ತದೆ.

ತಗಡಿನ ಶೆಡ್ ಇದ್ದವರು ಏನು ಮಾಡಬೇಕು?

1. ಫೆಬ್ರವರಿಯೊಳಗೆ ತಗಡಿನ ಮೇಲೆ ಬಿಳಿ ಪೇಂಟ್ ಹೊಡೆಯಿರಿ. ಆರ್‌ಸಿಸಿ ಇದ್ದರೆ ಸುಣ್ಣ ಸಾಕು. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ.

2. ತಗಡಿನ ಕೆಳಗೆ ಒಂದಡಿ ಬಿಟ್ಟು, ಬಿದಿರು ಕಟ್ಟಿ ಜೋಳದ ದಂಟಿನ ತಟ್ಟಿ ಹಾಕಿ. ವೈರಿಂಗ್ ಅದರ ಹತ್ತಿರ ಬೇಡ, ಬೆಂಕಿ ಭಯ. ಇಲಿಯ ಮೇಲೂ ಕಣ್ಣಿರಲಿ.

3. ಒಂದು ಗೋಡೆಯ ಕೆಳಗೆ, ಎದುರು ಗೋಡೆಯ ಮೇಲೆ ಜಾಲರಿ ಹಾಕಿದ ಕಿಂಡಿ ಇಡಿ. ಬೇಸಿಗೆಯಲ್ಲಿ ರಾತ್ರಿ ತೆಗೆಯಿರಿ, ಬೆಳಗ್ಗೆ 8ರೊಳಗೆ ಮುಚ್ಚಿ. ಹಗಲೆಲ್ಲ ತೆರೆದಿಟ್ಟರೆ ಬಿಸಿಗಾಳಿಯನ್ನು ನೀವೇ ಕರೆದಂತೆ.

4. ಪಡುವಣ ಗೋಡೆಗೆ ನೆರಳು ಮಾಡಿ. ಎರಡಡಿ ದೂರದಲ್ಲಿ ಚಪ್ಪರ ಹಾಕಿ ಹೀರೆ, ತೊಂಡೆ ಹಬ್ಬಿಸಿ.

ಒಂದು ಎಚ್ಚರಿಕೆ

ಬೀಜ, ಉಳ್ಳಾಗಡ್ಡಿ ಇಟ್ಟ ಕೋಣೆಗೆ ಒದ್ದೆ ಗೋಣಿ, ಕೂಲರ್ ಬೇಡವೇ ಬೇಡ. ತಂಪಾದರೂ ತೇವ ಏರಿ ಬೂಷ್ಟು ಹಿಡಿಯುತ್ತದೆ. ನೀರಿನ ತಂಪು ಬೇಕಾದದ್ದು ಸೊಪ್ಪು, ತರಕಾರಿಗೆ. ಅದಕ್ಕೆ ಎರಡು ಸಾಲು ಇಟ್ಟಿಗೆ ಕಟ್ಟಿ, ನಡುವಿನ ಮೂರು ಇಂಚು ಜಾಗದಲ್ಲಿ ಒದ್ದೆ ಮರಳು ತುಂಬಿದ ತೊಟ್ಟಿಯನ್ನು ನೆರಳಲ್ಲಿ ಬೇರೆಯೇ ಮಾಡಿಕೊಳ್ಳಿ.

ಪರೀಕ್ಷೆ ಹೇಗೆ?

ಫೋನಿನಲ್ಲಿ ಕಾಣುವ ತಾಪಮಾನ ಊರಿನದು, ನಿಮ್ಮ ಕೋಣೆಯದಲ್ಲ. ಒಂದು ಥರ್ಮಾಮೀಟರ್ ತಂದು ಬೀಜದ ಡಬ್ಬಿ ಪಕ್ಕ ಇಡಿ. ಮಧ್ಯಾಹ್ನ 3ಕ್ಕೆ, ಬೆಳಗಿನ 5ಕ್ಕೆ ಒಂದು ವಾರ ಬರೆದಿಡಿ. ಈ ಕೆಲಸ ಮಾಡುವ ಮೊದಲೊಮ್ಮೆ, ಆಮೇಲೊಮ್ಮೆ ಅಳೆದರೆ ಫರಕು ಕಣ್ಣಿಗೆ ಕಾಣುತ್ತದೆ.

ಮನೆಯಲ್ಲಿ ಮಾಳಿಗೆ ಕೆಡವಿ ಆರ್‌ಸಿಸಿ ಹಾಕುವ ಮಾತು ನಡೆದಿದ್ದರೆ, ಗಟ್ಟಿ ಇರುವ ಒಂದು ಕೋಣೆಯನ್ನಾದರೂ ಉಳಿಸಿಕೊಳ್ರಿ. ಮಳೆಗಾಲಕ್ಕೆ ಮುಂಚೆ ಮೇಲ್ಮುದ್ದೆ ಮಣ್ಣು ಸರಿಮಾಡಿದರೆ ಸಾಕು, ಮುಂದಿನ ಬಿತ್ತನೆಯ ಬೀಜ ಅಲ್ಲಿ ತಣ್ಣಗಿರುತ್ತದೆ.