ಬೇನೆಬಿದ್ದ ತಾಯಿಯೂ ಕೂಸಿನ ಹಾಲೂ

(ಸ್ತ್ರೀಯರ ಕೂಟಕ್ಕಾಗಿ ಪಾಠ. ಮೊದಲು ಓದತಕ್ಕ ಭಾಗ: ವಿಮೋಚನಕಾಂಡ 2:1–10)



ಫರೋಹನ ಮಗಳು ನದಿಯ ಜೊಂಡಿನಲ್ಲಿ ಕೂಸನ್ನು ಕಂಡು ಕನಿಕರಪಟ್ಟ ಸಂಗತಿಯನ್ನು ನೀವು ಬಲ್ಲಿರಿ. ದೂರದಲ್ಲಿ ನಿಂತಿದ್ದ ಕೂಸಿನ ಅಕ್ಕನು ಆಗ ಮುಂದೆ ಬಂದು, ಹಾಲುಕೊಡುವವಳನ್ನು ಕರತರುವೆನೆಂದು ಹೇಳಿ, ಹೆತ್ತ ತಾಯಿಯನ್ನೇ ಕರಕೊಂಡು ಬಂದಳು. ಅರಮನೆಯಲ್ಲಿ ಐಶ್ವರ್ಯಕ್ಕೆ ಕೊರತೆಯಿರಲಿಲ್ಲ. ಆದರೂ ಕೂಸಿಗೆ ಬೇಕಾದದ್ದು ಎದೆಹಾಲೇ. ಆ ಹುಡುಗಿಯು ತಾಯಿಯನ್ನೂ ಕೂಸನ್ನೂ ಅಗಲಿಸದೆ ಕೂಡಿಸಿದಳು. ನಾವೋ ಅನೇಕ ಸಾರಿ ಕೂಡಿದ್ದವರನ್ನು ಅಗಲಿಸುತ್ತೇವೆ. ಅದು ಹೇಗೆಂಬದನ್ನು ಈ ಪಾಠದಲ್ಲಿ ವಿಚಾರಿಸುವ.

ನಮ್ಮ ಹಳ್ಳಿಗಳಲ್ಲಿ ಹಾಲೂಡಿಸುವ ತಾಯಿಗೆ ಜ್ವರ ಬಂದ ಕೂಡಲೇ ಹಿರಿಯರು ಕೂಸನ್ನು ಅವಳ ಮಗ್ಗುಲಿಂದ ಎತ್ತಿಕೊಂಡು ಹೋಗುವದುಂಟು. ಹಾಲು ಕಾದುಹೋಗಿದೆ, ಹಾಲಿಗೆ ನಂಜು ಇಳಿದಿದೆ, ದೃಷ್ಟಿ ತಗಲಿ ಹಾಲು ಕೆಟ್ಟಿದೆ ಎಂದು ನಾನಾ ವಿಧವಾಗಿ ಹೇಳುವರು. ಪ್ರೀತಿಯಿಂದಲೇ ಹೀಗೆ ಮಾಡುವರು; ಆದರೂ ಕೂಸಿಗೆ ಇದರಿಂದ ಕೇಡಾಗುವದು. ಯಾಕಂದರೆ ಹಸುವಿನ ಹಾಲಿಗೆ ನೀರು ಬೆರಸಿ ಬಾಟ್ಲಿಯಲ್ಲಿ ಕೊಡುವಾಗ, ಆ ನೀರಿನಲ್ಲಿಯೂ ಬಾಟ್ಲಿಯ ರಬ್ಬರಿನಲ್ಲಿಯೂ ಇರುವ ರೋಗಾಣುಗಳು ಹೊಟ್ಟೆಗೆ ಹೋಗಿ ಭೇದಿಯನ್ನು ಉಂಟುಮಾಡಬಹುದು. ತಾಯಿಯ ಜ್ವರವು ಕೆಲವು ದಿನಗಳಲ್ಲಿ ಬಿಟ್ಟುಹೋದೀತು; ಎಳೆಗೂಸಿನ ಭೇದಿಯಾದರೋ ಅಷ್ಟರೊಳಗೆ ಪ್ರಾಣವನ್ನೇ ತೆಗೆದೀತು.

1. ಜ್ವರದಿಂದ ಹಾಲು ಕೆಡುವದಿಲ್ಲ. ಎದೆಯೊಳಗಿನ ಹಾಲು ತಾಯಿಯ ಮೈಯಷ್ಟೇ ಬೆಚ್ಚಗಿರುವದು; ಜ್ವರದಲ್ಲಿ ಆ ಬಿಸಿ ಸ್ವಲ್ಪ ಹೆಚ್ಚಾದರೂ ಕೂಸಿನ ಬಾಯಿಗಾಗಲಿ ಹೊಟ್ಟೆಗಾಗಲಿ ಅಪಾಯವಿಲ್ಲ. ಇದಲ್ಲದೆ ತಾಯಿಗೆ ಜ್ವರ ಕಾಣಿಸಿಕೊಳ್ಳುವದಕ್ಕೆ ಮುಂಚೆಯೇ ಕೂಸು ಅವಳ ಉಸಿರಿನ ಬಳಿಯಲ್ಲಿ ಮಲಗಿತ್ತಷ್ಟೆ. ಈಗ ಅಗಲಿಸುವದರಿಂದ ಬರುವ ಲಾಭ ಅಲ್ಪವೇ. ತಾಯಿಯ ದೇಹವು ಆ ರೋಗವನ್ನು ಎದುರಿಸಲು ಹುಟ್ಟಿಸುವ ಪ್ರತಿಕಾಯಗಳು ಹಾಲಿನ ಮೂಲಕ ಕೂಸಿಗೆ ದೊರೆಯುವವು. ಔಷಧವು ಸಿದ್ಧವಾಗುವ ಹೊತ್ತಿನಲ್ಲಿಯೇ ಅದರ ಪಾತ್ರೆಯನ್ನು ಕಸಕೊಳ್ಳುವದು ಜಾಣತನವಲ್ಲ.

2. ಯಾವ ರೋಗಗಳಲ್ಲಿ ಹಾಲು ಕೊಡಬಹುದು? ನೆಗಡಿ, ಕೆಮ್ಮು, ಮಲೇರಿಯಾ, ವಿಷಮಶೀತಜ್ವರ, ಭೇದಿ, ಇವುಗಳಲ್ಲಿ ಚಿಕಿತ್ಸೆಯನ್ನು ಪಡೆಯುತ್ತಾ ಹಾಲು ಕೊಡಬಹುದು. 2020ರಲ್ಲಿ ಕೊರೋನಾ ವ್ಯಾಧಿಯು ಹಬ್ಬಿದಾಗಲೂ ವಿಶ್ವ ಆರೋಗ್ಯ ಸಂಸ್ಥೆಯು, ತಾಯಂದಿರು ಬಾಯಿಮೂಗಿಗೆ ಮರೆ ಕಟ್ಟಿಕೊಂಡು, ಕೈತೊಳೆದು, ಹಾಲು ಕೊಡುವದನ್ನು ಮುಂದುವರಿಸಲೆಂದು ತಿಳಿಸಿತು. ಕ್ಷಯರೋಗವು ಕೆಮ್ಮಿನಿಂದ ಹರಡುವದು, ಹಾಲಿನಿಂದಲ್ಲ. ಆದಕಾರಣ ಅಂಥ ತಾಯಿಯು ಔಷಧವನ್ನು ತಪ್ಪದೆ ನುಂಗುತ್ತಾ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಕೂಸಿಗೂ ರೋಗತಡೆಯ ಔಷಧವು ಬೇಕೋ ಎಂದು ವೈದ್ಯರನ್ನು ಕೇಳಿ ಹಾಲೂಡಿಸಬಹುದು. ಎಚ್.ಐ.ವಿ. ಇರುವ ತಾಯಿಯು ಪ್ರತಿದಿನವೂ ತನ್ನ ಮಾತ್ರೆಗಳನ್ನು ನುಂಗಬೇಕು, ಕೂಸಿಗೆ ವೈದ್ಯರು ಕೊಟ್ಟ ಔಷಧವನ್ನು ಹಾಕಬೇಕು, ಅವರ ಮಾತಿನಂತೆಯೇ ಹಾಲು ಕೊಡಬೇಕು. ಮೊದಲನೆಯ 6 ತಿಂಗಳಲ್ಲಿ ಎದೆಹಾಲಿನೊಂದಿಗೆ ಬೇರೆ ಆಹಾರವನ್ನು ಬೆರಸಬಾರದು.

ಮೊಲೆಯೇ ಬಾತು ಕೆಂಪಾಗಿ ಚಳಿಜ್ವರ ಬಂದರೆ ಹಾಲು ಬಿಡಿಸುವದು ಇನ್ನೂ ಕೆಟ್ಟದ್ದು. ಹಾಲು ಒಳಗೆ ನಿಂತಷ್ಟೂ ನೋವು ಹೆಚ್ಚುವದು, ಕೀವುಗಟ್ಟುವ ಭಯವುಂಟು. ಆ ಮೊಲೆಯನ್ನೂ ಕೂಸಿಗೆ ಕೊಡುತ್ತಲೇ ವೈದ್ಯರ ಬಳಿಗೆ ಹೋಗತಕ್ಕದ್ದು.

3. ಔಷಧದ ವಿಷಯ. ಆಸ್ಪತ್ರೆಗೆ ಹೋದ ತಾಯಿಯು ಮೊದಲು ಹೇಳಬೇಕಾದ ಮಾತು, ನಾನು ಹಾಲೂಡಿಸುವವಳು, ಕೂಸಿಗೆ ಇಷ್ಟು ತಿಂಗಳು, ಎಂಬದೇ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರೆಯನ್ನು ಹೇಳಿದ ಪ್ರಮಾಣದಲ್ಲಿ ನುಂಗಬಹುದು, ಆಸ್ಪಿರಿನ್ ಬೇಡ. ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್ ಮಾತ್ರೆಯನ್ನೂ ಕೊಡೀನ್ ಬೆರೆತ ಕೆಮ್ಮಿನ ಔಷಧವನ್ನೂ ಅಂಗಡಿಯಿಂದ ತಾನೇ ಕೊಂಡು ನುಂಗಬಾರದು.

4. ಯಾವಾಗ ನಿಲ್ಲಿಸಬೇಕು? ಇಂಥ ಸಂದರ್ಭಗಳು ಕೆಲವೇ. ಕ್ಯಾನ್ಸರ್ ರೋಗದ ಬಲವಾದ ಔಷಧಗಳನ್ನೂ ಗಳಗ್ರಂಥಿಗೆ ವಿಕಿರಣವುಳ್ಳ ಅಯೋಡಿನನ್ನೂ ಪಡೆಯುವ ತಾಯಿಗೆ ವೈದ್ಯರು ಹಾಲು ನಿಲ್ಲಿಸುವಂತೆ ಹೇಳುವರು. ಮೊಲೆಯ ಮೇಲೆ ನೀರುಗುಳ್ಳೆಗಳೆದ್ದಿದ್ದರೆ ಆ ಮೊಲೆಯನ್ನು ಕೊಡದೆ ತೋರಿಸಬೇಕು. ಹೆರಿಗೆಯ ಹೊತ್ತಿನಲ್ಲಿ ಸೀತಾಳೆ ಸಿಡುಬು ಎದ್ದರೆ ತಡಮಾಡದೆ ತಿಳಿಸಬೇಕು. ಈ ತೀರ್ಮಾನವು ವೈದ್ಯರದು, ನೆರೆಹೊರೆಯವರದಲ್ಲ.

5. ಮನೆಯಲ್ಲಿ ಮಾಡತಕ್ಕದ್ದು. ಕೂಸನ್ನು ಮುಟ್ಟುವ ಮುಂಚೆ ತಾಯಿಯು ಸಾಬೂನಿನಿಂದ ಕೈತೊಳೆಯಲಿ. ಕೂತುಕೊಳ್ಳಲಾರದಿದ್ದರೆ ಮಗ್ಗುಲಾಗಿ ಮಲಗಿಯೇ ಊಡಿಸಲಿ; ಒಬ್ಬರು ಬಳಿಯಲ್ಲಿದ್ದು ಕೂಸನ್ನು ನೋಡಿಕೊಳ್ಳಲಿ. ಜ್ವರದಿಂದ ಮೈಯ ನೀರು ಇಂಗುವದರಿಂದ ಗಂಜಿ, ಮಜ್ಜಿಗೆ, ಕಾಯಿಸಿ ಆರಿಸಿದ ನೀರು, ಇವುಗಳನ್ನು ಅವಳಿಗೆ ಆಗಾಗ್ಗೆ ಕೊಡಬೇಕು. ತೀರ ನಿತ್ರಾಣಳಾಗಿದ್ದರೆ ಹಾಲನ್ನು ಕೈಯಿಂದ ಹಿಂಡಿ, ಕುದಿಸಿ ತೊಳೆದ ಬಟ್ಟಲಿನಲ್ಲಿ ಮುಚ್ಚಿಟ್ಟು, 4 ತಾಸಿನೊಳಗೆ ಒಳಲೆಯಿಂದ ಕುಡಿಸಬೇಕು. ಬಾಟ್ಲಿಯು ಬೇಡ. ಹಾಲಿನ ಪುಡಿಯನ್ನೂ ಬಾಟ್ಲಿಯನ್ನೂ ಹೊಗಳಿ ಜಾಹೀರಾತು ಮಾಡಬಾರದೆಂದು ನಮ್ಮ ದೇಶದಲ್ಲಿ 1992ರಲ್ಲಿ ಕಾನೂನೇ ಆಯಿತು. ಕೆಲವು ದಿನ ಹಾಲು ಕಡಿಮೆಯಾದರೆ ಹೆದರಬೇಡಿರಿ. ಕೂಸು ಚೀಪಿದಷ್ಟೂ ಹಾಲು ತಿರಿಗಿ ಬರುವದು.

ಕೂಸು ಮೊಲೆಯನ್ನು ಹಿಡಿಯದಿದ್ದರೆ, ಏದುಸಿರು ಬಿಟ್ಟರೆ, ಮೈ ಸುಟ್ಟರೆ ಇಲ್ಲವೆ ತಣ್ಣಗಾದರೆ, ಸೆಳವು ಬಂದರೆ, ಒಂದು ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಿರಿ.

6. ಸಭೆಯವರ ಕರ್ತವ್ಯ. ತಾಯಿಯು ಹಾಲು ಕೊಡಲಾರದೆ ಹೋಗುವದು ಬಹಳವಾಗಿ ಜ್ವರದಿಂದಲ್ಲ, ಜ್ವರದಲ್ಲಿಯೂ ನೀರು ಹೊರುವದರಿಂದ, ಕೂಲಿಗೆ ಹೋಗುವದರಿಂದ, ಹೊಗೆಯೊಳಗೆ ಅಡಿಗೆ ಮಾಡುವದರಿಂದ. ಅತ್ತೆಯರೇ, ಗಂಡಂದಿರೇ, ಅವಳ ಕೈಯಿಂದ ಕೂಸನ್ನು ತೆಗೆಯಬೇಡಿರಿ. ಕೊಡವನ್ನೂ ಕಸಬರಿಗೆಯನ್ನೂ ತೆಗೆಯಿರಿ. ಕೂಟದ ಸಹೋದರಿಯರು ದಿನಕ್ಕೊಬ್ಬರಂತೆ ಆ ಮನೆಗೆ ಹೋಗಿ ಗಂಜಿ ಕಾಯಿಸಿ, ಬಟ್ಟೆ ಒಗೆದು, ಆಶಾ ಕಾರ್ಯಕರ್ತೆಯನ್ನು ಕರತಂದು, ಪ್ರಾರ್ಥಿಸಿ ಬರಲಿ. ಪ್ರಾರ್ಥನೆಯು ಔಷಧವನ್ನು ತಳ್ಳಿಬಿಡುವದಿಲ್ಲ. ಅದನ್ನೂ ಕೃತಜ್ಞತೆಯಿಂದ ದೇವರ ಕೈಯಿಂದಲೇ ತಕ್ಕೊಳ್ಳುವದು.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಜ್ವರದಿಂದ ಹಾಲು ಕೆಡುವದೆಂಬ ಮಾತು ಯಾಕೆ ಸರಿಯಲ್ಲ?
2. ವೈದ್ಯರ ಬಳಿಗೆ ಹೋದ ತಾಯಿಯು ಮೊದಲು ಏನು ಹೇಳಬೇಕು?
3. ನಮ್ಮ ಊರಲ್ಲಿ ಈಗ ಹಾಲೂಡಿಸುವ ತಾಯಂದಿರು ಯಾರು? ಅವರಲ್ಲೊಬ್ಬಳು ಬೇನೆಬಿದ್ದರೆ ಅವಳ ಕೊಡವನ್ನು ಹೊರುವವರು ಯಾರು?