ಕೌಟುಂಬಿಕ ಸಂಬಂಧಗಳೂ ತರುಣರ ಮನಃಸ್ವಾಸ್ಥ್ಯವೂ

ಪುಣೆಯಿಂದ ನಾಸಿಕದ ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರು ಸಾಗಿದರೆ ಚಾಕಣ ಸಿಕ್ಕುತ್ತದೆ. 1660ರಲ್ಲಿ ಶಾಯಿಸ್ತೇಖಾನನ ಸೈನ್ಯವನ್ನು ತಡೆದು ನಿಂತ ಸಂಗ್ರಾಮದುರ್ಗ, ಈರುಳ್ಳಿಯ ದೊಡ್ಡ ಪೇಟೆ, ಇವು ಅದರ ಹಳೆಯ ಗುರುತುಗಳು. ಇಂದು ಅದು ಬಜಾಜ್, ಮಹೀಂದ್ರ, ಫೋಕ್ಸ್‌ವ್ಯಾಗನ್ ಮೊದಲಾದ ವಾಹನ ಕಾರ್ಖಾನೆಗಳ ಊರು. ಬೀದರ, ಕಲಬುರಗಿ, ವಿಜಯಪುರದ ಕಡೆಯ ನಮ್ಮ ಹುಡುಗರೂ ಅನ್ನವನ್ನರಸಿ ಈ ಸೀಮೆಗೆ ಬರುತ್ತಾರೆ.

ಇಂಥ ಒಬ್ಬ ಇಪ್ಪತ್ತೆರಡರ ತರುಣನನ್ನು ಕಲ್ಪಿಸಿಕೊಳ್ಳೋಣ. ಐ.ಟಿ.ಐ. ಮುಗಿಸಿ ಗುತ್ತಿಗೆಯ ಮೇಲೆ ದುಡಿಯುತ್ತಾನೆ. ಒಂದು ಖೋಲಿಯಲ್ಲಿ ನಾಲ್ವರ ವಾಸ. ಭಾನುವಾರ ಊರಿನಿಂದ ಫೋನು ಬರುತ್ತದೆ. ತಂದೆ ಮೊದಲು ಹಣದ ಮಾತೆತ್ತಿ, ಅನಂತರ ಚಿಕ್ಕಪ್ಪನ ಮಗನಿಗೆ ನೌಕರಿ ಕಾಯಂ ಆದದ್ದನ್ನು ಹೇಳುತ್ತಾರೆ. ತಾಯಿ ಅಳುತ್ತ, "ನಿನ್ನ ಬಿಟ್ಟು ನನಗ ಅನ್ನ ಸೇರೂದಿಲ್ಲ" ಎನ್ನುತ್ತಾಳೆ. "ಆರಾಮ ಅದೀನಿ ಅವ್ವಾ" ಎಂದು ಮಗ ಫೋನಿಡುತ್ತಾನೆ. ಆ ರಾತ್ರಿ ಅವನಿಗೆ ನಿದ್ರೆಯಿಲ್ಲ.

ಇಲ್ಲಿ ಯಾರೂ ದುಷ್ಟರಲ್ಲ. ಆದರೂ ಒಂದು ಕಡೆ ಟೀಕೆ, ಇನ್ನೊಂದು ಕಡೆ ಮಿತಿಮೀರಿದ ಅಂಟು, ಇವೆರಡರ ನಡುವೆ ಎಳೆಯ ಮನಸ್ಸು ಸಿಲುಕುತ್ತದೆ. ಮನೋವೈದ್ಯಶಾಸ್ತ್ರದಲ್ಲಿ ಇವುಗಳ ವ್ಯವಸ್ಥಿತ ಅಧ್ಯಯನವೇ ನಡೆದಿದೆ. ಲಂಡನ್ನಿನ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಕಿಜೋಫ್ರೇನಿಯಾದಿಂದ ಚೇತರಿಸಿಕೊಂಡು ಮನೆಗೆ ಮರಳಿದ ರೋಗಿಗಳನ್ನು ಒಂಬತ್ತು ತಿಂಗಳು ಗಮನಿಸಲಾಯಿತು. ಟೀಕೆ, ಹಗೆತನ, ಅತಿಯಾದ ಭಾವುಕ ಹಸ್ತಕ್ಷೇಪ ಹೆಚ್ಚಾಗಿದ್ದ ಮನೆಗಳಲ್ಲಿ ಶೇಕಡ 58 ಮಂದಿಗೆ ರೋಗ ಮರುಕಳಿಸಿತು. ಶಾಂತವಾದ ಮನೆಗಳಲ್ಲಿ ಶೇಕಡ 16 ಮಂದಿಗೆ ಮಾತ್ರ. 1976ರಲ್ಲಿ ವಾನ್ ಮತ್ತು ಲೆಫ್ ಎಂಬವರು ಖಿನ್ನತೆಯ ರೋಗಿಗಳನ್ನೂ ಪರೀಕ್ಷಿಸಿದರು. ಇವರನ್ನು ಕೆಡವಲು ಇನ್ನೂ ಕಡಿಮೆ ಟೀಕೆ ಸಾಕಾಗುತ್ತಿತ್ತು.

ಈ ಅಂಕಿಗಳನ್ನು ಓದಿ ತಂದೆತಾಯಿಗಳು ತಮ್ಮನ್ನೇ ಹಳಿದುಕೊಳ್ಳಬಾರದು. ಅಧ್ಯಯನವು ಹೇಳಿದ್ದು ರೋಗದ ಮರುಕಳಿಕೆಯನ್ನು ಕುರಿತು. ಮನೆಯವರೇ ರೋಗವನ್ನು ಹುಟ್ಟಿಸಿದರೆಂದಲ್ಲ. ಮೇಲಾಗಿ 1980ರ ದಶಕದಲ್ಲಿ ಚಂಡೀಗಢದಲ್ಲಿ ಇದೇ ಅಳತೆಗೋಲನ್ನು ಪ್ರಯೋಗಿಸಿದಾಗ, ಅಂಥ ಉದ್ರಿಕ್ತ ವಾತಾವರಣ ಕಂಡದ್ದು ಸುಮಾರು ಕಾಲುಭಾಗ ಕುಟುಂಬಗಳಲ್ಲಿ ಮಾತ್ರ. ಲಂಡನ್ನಿನಲ್ಲಿ ಅದು ಹೆಚ್ಚುಕಡಿಮೆ ಅರ್ಧದಷ್ಟಿತ್ತು. ಚಂಡೀಗಢದ ಸುತ್ತಲಿನ ಹಳ್ಳಿಗಳಲ್ಲಿ ಇನ್ನೂ ಕಡಿಮೆ. ನಮ್ಮ ಕುಟುಂಬಪದ್ಧತಿಯಲ್ಲಿ ತಾಳ್ಮೆಯ ಒಂದು ಬಂಡವಾಳವಿದೆಯೆಂದೇ ನನ್ನ ಎಣಿಕೆ. ಆದರೆ ಅದು ಹಳ್ಳಿಯ ಜಗಲಿಯ ಮೇಲೆ, ಅಜ್ಜ, ಸೋದರಮಾವ, ನೆರೆಯವರ ನಡುವೆ ಹಂಚಿಕೊಂಡ ತಾಳ್ಮೆ. ತಂದೆ ಗದರಿದರೆ ಅಜ್ಜಿ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ಚಾಕಣದ ಖೋಲಿಯಲ್ಲಿ ಗದರಿಕೆ ಫೋನಿನಲ್ಲಿ ಬರುತ್ತದೆ, ಅಜ್ಜಿಯ ಸೆರಗು ಬರುವುದಿಲ್ಲ. ಮದುವೆಯಾಗಿ ಅಲ್ಲಿಗೆ ಬಂದ ಹುಡುಗಿಯ ಪಾಡು ಇನ್ನೂ ಕಷ್ಟದ್ದು. ಗಂಡನಿಗೆ ರಾತ್ರಿಪಾಳಿ, ಓಣಿಯ ಭಾಷೆ ಹೊಸದು, ತವರಿಗೆ ಹೇಳಿದರೆ "ಹೊಂದಿಕೊಂಡು ಹೋಗು" ಎಂಬ ಉತ್ತರ.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ವರದಿಯಲ್ಲಿ ದೇಶದ ಆತ್ಮಹತ್ಯೆಗಳಿಗೆ ಕೊಟ್ಟ ಕಾರಣಗಳಲ್ಲಿ ಕೌಟುಂಬಿಕ ಸಮಸ್ಯೆಯೇ ಮೊದಲನೆಯದು, ಶೇಕಡ 31.7. ಪೋಲೀಸರು ಬರೆದುಕೊಂಡ ಒಂದೇ ಕಾರಣದ ಹಿಂದೆ ಹಲವು ಕಾರಣಗಳಿರುತ್ತವೆಯೆಂಬುದು ನಿಜ. ಆದರೂ ಈ ಸಂಖ್ಯೆಯನ್ನು ಕಡೆಗಣಿಸುವಂತಿಲ್ಲ.

ಮನೆಯವರು ಗಮನಿಸಬೇಕಾದ ಚಿಹ್ನೆಗಳು ಬಹುಮಟ್ಟಿಗೆ ದೇಹದವೇ. ನಮ್ಮ ಹುಡುಗರು "ಬೇಸರ" ಎನ್ನುವುದಿಲ್ಲ. ತಲೆಶೂಲೆ, ಎದೆ ಹಾರುವುದು, ಹೊಟ್ಟೆ ಸರಿಯಿಲ್ಲ ಎನ್ನುತ್ತಾರೆ. ನಿದ್ರೆ ಮತ್ತು ಹಸಿವು ಕೆಟ್ಟು, ಯಾವುದರಲ್ಲಿಯೂ ಆಸಕ್ತಿಯಿಲ್ಲದ ಸ್ಥಿತಿ ಎರಡು ವಾರ ಮೀರಿದರೆ ವೈದ್ಯರಲ್ಲಿಗೆ ಹೋಗಬೇಕು. ಹೊಸದಾಗಿ ಕುಡಿತ ಹಿಡಿದುದನ್ನು "ಸಹವಾಸದೋಷ"ವೆಂದು ತಳ್ಳಿಹಾಕಬಾರದು. ಸಾಯುವ ಮಾತನ್ನಾಡಿದವನನ್ನು ನೇರವಾಗಿಯೇ ಕೇಳಬೇಕು. ಕೇಳುವುದರಿಂದ ಆ ವಿಚಾರ ತಲೆಗೆ ಹೊಗುತ್ತದೆಂಬುದು ತಪ್ಪು ನಂಬಿಕೆ. ಅಂಥ ಹೊತ್ತಿನಲ್ಲಿ ಅವನನ್ನು ಒಂಟಿಯಾಗಿ ಬಿಡಬಾರದು.

ಚಿಕಿತ್ಸೆಯಲ್ಲಿ ಕುಟುಂಬವನ್ನು ಜೊತೆಗೂಡಿಸುವುದು ನಮ್ಮ ದೇಶಕ್ಕೆ ಹೊಸದಲ್ಲ. 1950ರ ದಶಕದಲ್ಲಿಯೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ ಅವರು ರೋಗಿಗಳ ಮನೆಯವರನ್ನು ಆವರಣದಲ್ಲಿಯೇ ಡೇರೆ ಹಾಕಿಸಿ ಇರಿಸಿಕೊಂಡಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಚಿಕಿತ್ಸೆಗೆಂದೇ ವಿಭಾಗವಿದೆ. ಸಲಹೆಗಾರರು ಅಲ್ಲಿ ತೀರ್ಪು ಕೊಡುವುದಿಲ್ಲ. ಹಣದ ಮಾತಿಗೆ ಬೇರೆ ದಿನ, ಕ್ಷೇಮದ ಮಾತಿಗೆ ಬೇರೆ ದಿನವೆಂದು ಗೊತ್ತುಮಾಡಿಕೊಳ್ಳುವುದು, ಹೋಲಿಕೆಯನ್ನು ಬಿಡುವುದು, ಮಗ ಹೇಳುವಾಗ ನಡುವೆ ಬಾಯಿ ಹಾಕದಿರುವುದು, ಇಂಥ ಸಣ್ಣ ಮಾರ್ಪಾಡುಗಳನ್ನೇ ಮನೆಯವರಿಂದ ಅಭ್ಯಾಸ ಮಾಡಿಸುತ್ತಾರೆ.

ಪುಣೆಯ ವೈದ್ಯರೊಡನೆ ಮರಾಠಿಯಲ್ಲಿ ಮನಸ್ಸನ್ನು ತೋಡಿಕೊಳ್ಳಲಾರದವರಿಗೆ 2022ರ ಅಕ್ಟೋಬರ್ 10ರಂದು ಪ್ರಾರಂಭವಾದ 'ಟೆಲಿ ಮಾನಸ್' ಸೇವೆಯಿದೆ. ದೂರವಾಣಿ ಸಂಖ್ಯೆ 14416. ಶುಲ್ಕವಿಲ್ಲ, ಹಗಲೂ ರಾತ್ರಿಯೂ ತೆರೆದಿರುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು. ರಾತ್ರಿಪಾಳಿ ಮುಗಿಸಿ ಬಂದವನು ಖೋಲಿಯ ಹೊರಗೆ ನಿಂತು ಬೆಳಗಿನ ಜಾವದಲ್ಲಿಯೂ ಕರೆಯಬಹುದು.